ಕಡಲ ಬದಿಯ ಸಾಫ್ಟ್‌ವೇರ್ ರೇಡಿಯೋ

ಆಂಟೆನಾದಿಂದ ಇಳಿದು ಬಂದ ವಿದ್ಯುತ್ ಕಂಪನವನ್ನು ಆದಷ್ಟು ಬೇಗ ಸಂಖ್ಯೆಗಳ ಸಾಲಾಗಿ ಮಾರ್ಪಡಿಸಿ, ಮುಂದಿನ ಕೆಲಸವನ್ನೆಲ್ಲ ಗಣಿತಕ್ಕೆ ಒಪ್ಪಿಸುವ ಸೆಟ್ಟಿಗೆ ಸಾಫ್ಟ್‌ವೇರ್ ರೇಡಿಯೋ ಎನ್ನುತ್ತಾರೆ. ಹಳೆಯ ಹ್ಯಾಮ್, ಅಂದರೆ ಹವ್ಯಾಸಿ ರೇಡಿಯೋ, ಸೆಟ್ಟಿನಲ್ಲಿ ಬೇಕಾದ ತರಂಗವನ್ನು ಆರಿಸುವುದು, ಬೇಡದ್ದನ್ನು ಸೋಸುವುದು, ಮಾತನ್ನು ಬಿಡಿಸಿ ತೆಗೆಯುವುದು ಎಲ್ಲವೂ ಕಾಯಿಲ್, ಕಂಡೆನ್ಸರ್, ಕ್ರಿಸ್ಟಲ್‌ಗಳ ಪಾಲಿನದಾಗಿತ್ತು. ಈಗ ಅದೇ ಕೆಲಸವನ್ನು ಪ್ರೋಗ್ರಾಂ ಮಾಡುತ್ತದೆ. ಫಿಲ್ಟರಿನ ಅಗಲ ಬದಲಾಗಬೇಕಾದರೆ ಸೋಲ್ಡರಿಂಗ್ ಕಡ್ಡಿ ಬಿಸಿ ಮಾಡಬೇಕಾಗಿಲ್ಲ, ಒಂದು ಅಂಕೆಯನ್ನು ಬದಲಿಸಿದರೆ ಸಾಕು. ಇದಕ್ಕಿಂತ ದೊಡ್ಡ ವ್ಯತ್ಯಾಸ ಕಣ್ಣಿಗೆ ಸಂಬಂಧಿಸಿದ್ದು. ಹಳೆಯ ಸೆಟ್ಟು ಒಂದು ಹೊತ್ತಿಗೆ ಒಂದೇ ನಿಲ್ದಾಣವನ್ನು ಕಿವಿಗೆ ಕೊಡುತ್ತಿತ್ತು. ಹೊಸದು ಇಡೀ ಬ್ಯಾಂಡನ್ನೇ ಪರದೆಯ ಮೇಲೆ ಹರಡುತ್ತದೆ. ಎಡದಿಂದ ಬಲಕ್ಕೆ ಆವರ್ತನ, ಮೇಲಿನಿಂದ ಕೆಳಕ್ಕೆ ಕಾಲ, ಬಣ್ಣದಲ್ಲಿ ಬಲ. ವಾಟರ್‌ಫಾಲ್ ಎಂದು ಕರೆಯುವ ಈ ಚಿತ್ರದಲ್ಲಿ ದೂರದ ಹ್ಯಾಮ್‌ನ ಮಾತೂ ಪಕ್ಕದ ಮನೆಯ ಎಲ್‌ಇಡಿ ಬಲ್ಬಿನ ಗದ್ದಲವೂ ಒಟ್ಟಿಗೇ ಬಿದ್ದಿರುತ್ತವೆ. ಕುಂದಾಪುರ, ಬೈಂದೂರು, ಬ್ರಹ್ಮಾವರದ ಕಡೆ ಇಂಥ ಸೆಟ್ಟನ್ನು ಹೂಡುವವರು ಮೊದಲು ಓದಲು ಕಲಿಯಬೇಕಾದದ್ದು ಈ ಚಿತ್ರವನ್ನು. ಸೆಟ್ಟು ನಿಂತ ಊರು ಹೇಗಿದೆ ಎಂಬುದು ಅದರಲ್ಲಿ ಕಾಣುತ್ತದೆ.

'ಸಾಫ್ಟ್‌ವೇರ್ ರೇಡಿಯೋ' ಎಂಬ ಹೆಸರನ್ನು 1990ರ ದಶಕದ ಆರಂಭದಲ್ಲಿ ಬಳಕೆಗೆ ತಂದವರು ಅಮೆರಿಕದ ಜೋಸೆಫ್ ಮಿಟೋಲಾ. ಹವ್ಯಾಸಿಗಳ ಮೇಜಿಗೆ ಅದನ್ನು ತಲುಪಿಸಿದ್ದು 2002ರಲ್ಲಿ ಜೆರಾಲ್ಡ್ ಯಂಗ್‌ಬ್ಲಡ್ 'ಕ್ಯೂಇಎಕ್ಸ್' ಪತ್ರಿಕೆಯಲ್ಲಿ ಬರೆಯತೊಡಗಿದ ಲೇಖನಮಾಲೆ. ಮನೆಯ ಕಂಪ್ಯೂಟರಿನ ಸೌಂಡ್ ಕಾರ್ಡನ್ನೇ ರೇಡಿಯೋದ ಅರ್ಧಭಾಗವಾಗಿ ಮಾಡಿಕೊಳ್ಳಬಹುದೆಂದು ಅವರು ತೋರಿಸಿಕೊಟ್ಟರು. 2012ರ ಸುಮಾರಿಗೆ ಇನ್ನೊಂದು ಬಾಗಿಲು ತೆರೆಯಿತು. ಟಿವಿ ನೋಡಲೆಂದು ತಯಾರಾದ ಅಗ್ಗದ ಯುಎಸ್‌ಬಿ ಡಾಂಗಲ್ ಒಂದು ಬಗೆಯ ರೇಡಿಯೋ ಗ್ರಾಹಕವೂ ಆಗಬಲ್ಲದೆಂದು ಗೊತ್ತಾಯಿತು. ಅದು ಆರ್‌ಟಿಎಲ್-ಎಸ್‌ಡಿಆರ್. ಕೇಳಲು ಮಾತ್ರ ಬರುತ್ತದೆ, ಪ್ರಸಾರ ಮಾಡಲಾರದು. ಆದರೂ ವಾಟರ್‌ಫಾಲ್ ಓದುವ ಅಭ್ಯಾಸಕ್ಕೆ ಅದರಷ್ಟು ಒಳ್ಳೆಯ ಪಾಠ ಇನ್ನೊಂದಿಲ್ಲ.

ನಮ್ಮ ದೇಶದ ಮಟ್ಟಿಗೆ ಈ ವಿಷಯದಲ್ಲಿ ಮೊದಲು ನೆನೆಯಬೇಕಾದ ಹೆಸರು ಹೈದರಾಬಾದಿನ ಅಶ್‌ಹರ್ ಫರ್ಹಾನ್ ಅವರದು. ಬಜಾರಿನಲ್ಲಿ ಸುಲಭವಾಗಿ ಸಿಗುವ ಬಿಡಿಭಾಗಗಳಿಂದಲೇ ಕಟ್ಟಬಹುದಾದ ಅವರ ಬಿಟ್‌ಎಕ್ಸ್ ಸೆಟ್ಟಿನ ನಕ್ಷೆ ಜಗತ್ತಿನ ಮೂಲೆಮೂಲೆಗೆ ಹೋಯಿತು. ಅದೇ ಸಾಲಿನಲ್ಲಿ ಬಂದ ಎಸ್‌ಬಿಟ್‌ಎಕ್ಸ್ ಪೂರ್ಣ ಸಾಫ್ಟ್‌ವೇರ್ ಟ್ರಾನ್ಸೀವರ್. ಒಳಗೆ ರಾಸ್ಪ್‌ಬೆರಿ ಪೈ ಕಂಪ್ಯೂಟರು, ಮುಂದೆ ಮುಟ್ಟಿ ನಡೆಸುವ ಪರದೆ, ಪ್ರೋಗ್ರಾಂ ಮುಕ್ತ. ನಕ್ಷೆಯನ್ನೂ ಪ್ರೋಗ್ರಾಮನ್ನೂ ಯಾರು ಬೇಕಾದರೂ ಬಿಚ್ಚಿ ನೋಡಬಹುದು, ತಿದ್ದಬಹುದು. ದೇಶದಲ್ಲೇ ಹುಟ್ಟಿದ, ಮುಚ್ಚುಮರೆಯಿಲ್ಲದ ಇಂಥ ಸೆಟ್ಟು ಇರುವುದು ಕಲಿಯುವ ಹುಡುಗ ಹುಡುಗಿಯರಿಗೆ ದೊಡ್ಡ ಭಾಗ್ಯ.

ಈ ಸೆಟ್ಟುಗಳಲ್ಲಿ ಮುಖ್ಯವಾಗಿ ಎರಡು ದಾರಿಗಳಿವೆ. ಒಂದರಲ್ಲಿ ಆಂಟೆನಾದ ಸಂಕೇತವನ್ನು ನೇರವಾಗಿ ಸಂಖ್ಯೆ ಮಾಡುತ್ತಾರೆ. 2016ರಲ್ಲಿ ಬಂದ ಜಪಾನಿನ ಐಕಾಮ್ ಐಸಿ-7300 ಈ ಬಗೆಯದು. ಸಂಖ್ಯೆ ಮಾಡುವ ಅದರ ಪರಿವರ್ತಕ ಸೆಕೆಂಡಿಗೆ 12 ಕೋಟಿಗೂ ಹೆಚ್ಚು ಸಲ ಸಂಕೇತವನ್ನು ಅಳೆಯುತ್ತದೆ, ಪ್ರತಿ ಅಳತೆಯೂ 14 ಬಿಟ್‌ನದು. ಇನ್ನೊಂದು ಮಿಶ್ರ ದಾರಿ. ಎಸ್‌ಬಿಟ್‌ಎಕ್ಸ್‌ನಲ್ಲಿ ಸಂಕೇತ ಮೊದಲು ಒಂದು ಮಿಕ್ಸರ್ ದಾಟಿ, 40 ಮೆಗಾಹರ್ಟ್ಸ್ ಹತ್ತಿರದ ಕ್ರಿಸ್ಟಲ್ ಫಿಲ್ಟರಿನಲ್ಲಿ ಸುಮಾರು 25 ಕಿಲೋಹರ್ಟ್ಸ್ ಅಗಲದ ಪಟ್ಟಿಯಾಗಿ ಸೋಸಿ ಬಂದು, ಆಮೇಲೆ ಸಂಖ್ಯೆಯಾಗುತ್ತದೆ. ಮೊದಲನೆಯದರಲ್ಲಿ ಒಮ್ಮೆಗೆ ಬಹಳ ಕಾಣುತ್ತದೆ. ಎರಡನೆಯದರಲ್ಲಿ ಕಾಣುವುದು ಕಡಿಮೆಯಾದರೂ ಪಕ್ಕದ ಅಬ್ಬರದ ನಿಲ್ದಾಣಗಳು ಬಾಗಿಲಲ್ಲೇ ನಿಲ್ಲುತ್ತವೆ.

ಈ ವ್ಯತ್ಯಾಸ ಬರೀ ಪುಸ್ತಕದ್ದಲ್ಲ ಎಂಬುದು ಬ್ರಹ್ಮಾವರದಲ್ಲಿ ಗೊತ್ತಾಗುತ್ತದೆ. ಮಂಗಳೂರು ಆಕಾಶವಾಣಿಯ ಮಧ್ಯಮ ತರಂಗದ ಪ್ರಸಾರಕ ಇರುವುದು ಅಲ್ಲಿಯೇ: 1089 ಕಿಲೋಹರ್ಟ್ಸ್, 20 ಕಿಲೋವ್ಯಾಟ್. ಅಷ್ಟು ಶಕ್ತಿಯ ಪ್ರಸಾರಕದಿಂದ ಒಂದು ಕಿಲೋಮೀಟರ್ ದೂರದಲ್ಲಿ ಕ್ಷೇತ್ರಬಲ ಮೀಟರಿಗೆ ಒಂದು ವೋಲ್ಟಿನ ಆಸುಪಾಸು ಇರುತ್ತದೆ. ಹವ್ಯಾಸಿ ಕೇಳಲು ಬಯಸುವ ದೂರದ ಸಂಕೇತಗಳು ಅದರ ಲಕ್ಷದಲ್ಲೊಂದು ಪಾಲಿಗಿಂತಲೂ ಸಣ್ಣವು. ಪರಿವರ್ತಕದ ಒಂದೊಂದು ಬಿಟ್ ಸುಮಾರು 6 ಡೆಸಿಬೆಲ್‌ನಷ್ಟು ವ್ಯಾಪ್ತಿ ಕೊಡುತ್ತದೆ. 8 ಬಿಟ್‌ನ ಡಾಂಗಲ್‌ಗೆ ಸಿಗುವುದು 48 ಡೆಸಿಬೆಲ್ ಮಾತ್ರ. ಆ ಪಾತ್ರೆಯನ್ನು ಆಕಾಶವಾಣಿಯೇ ತುಂಬಿಬಿಟ್ಟರೆ ಉಳಿದವರಿಗೆ ಜಾಗ ಎಲ್ಲಿ? ಪ್ರಸಾರ ನಡೆಯುತ್ತಿರುವಾಗ ಹತ್ತಿರದ ಮನೆಯಲ್ಲಿ ಫಿಲ್ಟರಿಲ್ಲದ ಡಾಂಗಲ್ ಹಚ್ಚಿದರೆ 7 ಮೆಗಾಹರ್ಟ್ಸ್‌ನಲ್ಲೂ ವಾರ್ತೆಯ ಚೂರುಗಳು ಕೇಳಿಸಬಹುದು. ಅಲ್ಲಿ ಅವು ನಿಜವಾಗಿ ಇರುವುದಿಲ್ಲ, ತುಂಬಿ ಚೆಲ್ಲಿದ ಪರಿವರ್ತಕ ಹುಟ್ಟಿಸಿದವು. ಪರೀಕ್ಷೆ ಸುಲಭ. ಆಂಟೆನಾ ದಾರಿಯಲ್ಲಿ ಸಂಕೇತ ಕುಗ್ಗಿಸುವ 10 ಡೆಸಿಬೆಲ್ ಅಟೆನ್ಯುಯೇಟರ್ ಸೇರಿಸಿದಾಗ ನಿಜವಾದ ಸಂಕೇತ 10 ಡೆಸಿಬೆಲ್ ಮಾತ್ರ ಇಳಿಯುತ್ತದೆ, ಸುಳ್ಳು ಸಂಕೇತ ಅದಕ್ಕಿಂತ ಬಹಳ ಇಳಿಯುತ್ತದೆ ಅಥವಾ ಮಾಯವಾಗುತ್ತದೆ. ಪರಿಹಾರ 2 ಮೆಗಾಹರ್ಟ್ಸ್‌ಗಿಂತ ಕೆಳಗಿನದನ್ನು ತಡೆಯುವ ಹೈಪಾಸ್ ಫಿಲ್ಟರು. ಕೆಲವೇ ಕಾಯಿಲ್, ಕಂಡೆನ್ಸರ್‌ಗಳಿಂದ ಮನೆಯಲ್ಲೇ ಕಟ್ಟಬಹುದು. ಐಸಿ-7300ನಂಥ ಸೆಟ್ಟಿನಲ್ಲಿ ಬ್ಯಾಂಡ್ ಫಿಲ್ಟರುಗಳು ಒಳಗೇ ಇರುತ್ತವೆ. ಬೈಂದೂರಿನಲ್ಲಿ ಕುಳಿತವರಿಗೆ ಈ ತಾಪತ್ರಯ ಅಷ್ಟಾಗಿ ಇಲ್ಲ.

ಪ್ರಸಾರ ಮಾಡಲು ಪರವಾನಗಿ ಬೇಕೇ ಬೇಕು. ದೂರಸಂಪರ್ಕ ಇಲಾಖೆಯ ಡಬ್ಲ್ಯುಪಿಸಿ ವಿಭಾಗ ಪರೀಕ್ಷೆ ನಡೆಸುತ್ತದೆ. ಆ ಇಲಾಖೆಯ ವೈರ್‌ಲೆಸ್ ಮಾನಿಟರಿಂಗ್ ಸ್ಟೇಷನ್ ಮಂಗಳೂರಿನಲ್ಲೂ ಇದೆ. 12 ವರ್ಷ ತುಂಬಿದ ಯಾರು ಬೇಕಾದರೂ ಪರೀಕ್ಷೆಗೆ ಕೂರಬಹುದು. ರಿಸ್ಟ್ರಿಕ್ಟೆಡ್ ದರ್ಜೆಯಲ್ಲಿ ಪಾಸಾದವರಿಗೆ ಸಾಮಾನ್ಯವಾಗಿ ವಿಯು3 ಎಂದು ಆರಂಭವಾಗುವ ಕರೆಸಂಕೇತ. ಜನರಲ್ ದರ್ಜೆಯವರಿಗೆ ವಿಯು2, ಅದಕ್ಕೆ ನಿಮಿಷಕ್ಕೆ 8 ಪದಗಳ ವೇಗದಲ್ಲಿ ಮೋರ್ಸ್ ಬರಬೇಕು. ಕಿರುತರಂಗದ ಬ್ಯಾಂಡುಗಳಲ್ಲಿ ಮೊದಲ ದರ್ಜೆಯ ಮಿತಿ 50 ವ್ಯಾಟ್, ಎರಡನೆಯದರದ್ದು 400. ಆದ್ದರಿಂದ 100 ವ್ಯಾಟಿನ ಸೆಟ್ಟು ಕೊಂಡ ವಿಯು3 ಹ್ಯಾಮ್, ಪವರ್ ಮಿತಿಯನ್ನು ಮೆನುವಿನಲ್ಲಿ ಇಳಿಸಿಟ್ಟೇ ಆರಂಭಿಸಬೇಕು. ಸಾಫ್ಟ್‌ವೇರ್ ಸೆಟ್ಟು ತನ್ನ ಪಾಡಿಗೆ ಎಲ್ಲಿ ಬೇಕಾದರೂ ಹೋಗಬಲ್ಲದು. ನಿಯಮದ ಬೇಲಿಯನ್ನು ಕಾಯುವುದು ಅದನ್ನು ನಡೆಸುವವರ ಹೊಣೆ.

ಇನ್ನು ಆಂಟೆನಾ. ಹೊಸದಾಗಿ ಸೇರುವವರು ಹಣವನ್ನೆಲ್ಲ ಪೆಟ್ಟಿಗೆಗೆ ಸುರಿದು ತಂತಿಗೆ ಏನೂ ಉಳಿಸಿಕೊಳ್ಳುವುದಿಲ್ಲ. ಅದು ತಲೆಕೆಳಗಾದ ಲೆಕ್ಕ. ಯಾವ ಪ್ರೋಗ್ರಾಮೂ ಆಂಟೆನಾ ಹಿಡಿಯದ ಸಂಕೇತವನ್ನು ಸೃಷ್ಟಿಸಲಾರದು. 40 ಮೀಟರ್ ಬ್ಯಾಂಡಿಗೆ, ಎರಡು ಕಡೆ ಸಮನಾಗಿ ಚಾಚಿದ ತಂತಿಯ ಆಂಟೆನಾವಾದ ಡೈಪೋಲ್‌ಗೆ ಬೇಕಾಗುವ ಉದ್ದ, ಮೀಟರಿನಲ್ಲಿ, 143ನ್ನು ಮೆಗಾಹರ್ಟ್ಸ್‌ನಿಂದ ಭಾಗಿಸಿದಷ್ಟು. 7.1 ಮೆಗಾಹರ್ಟ್ಸ್‌ಗೆ ಒಟ್ಟು ಸುಮಾರು 20 ಮೀಟರ್, ಒಂದೊಂದು ಕಡೆ 10. ಕರಾವಳಿಯ ಹಿತ್ತಿಲಲ್ಲಿ ಕಂಬ ನೆಡುವ ಅಗತ್ಯವೇ ಇಲ್ಲ, ತೆಂಗಿನ ಮರಗಳಿವೆ. ಕಾಯಿ ಕೊಯ್ಯಲು ಬರುವವರು ಮೇಲೊಂದು ರಾಟೆ ಕಟ್ಟಿ ಹಗ್ಗ ಇಳಿಸಿಕೊಟ್ಟರೆ ಕೆಲಸದ ಕಠಿಣ ಭಾಗ ಮುಗಿಯಿತು. ಆದರೆ ತೆಂಗು ಆಡುವ ಮರ. ಆಷಾಢದ ಗಾಳಿಗೆ ಎರಡು ಮರಗಳು ಎರಡು ದಿಕ್ಕಿಗೆ ಬಾಗಿದಾಗ ಬಿಗಿದು ಕಟ್ಟಿದ ತಂತಿ ತುಂಡಾಗದೆ ಉಳಿಯದು. ಹಗ್ಗದ ಇನ್ನೊಂದು ತುದಿಯನ್ನು ಬುಡಕ್ಕೆ ಕಟ್ಟುವ ಬದಲು ಕಲ್ಲಿನ ತೂಕ ನೇತುಹಾಕಬೇಕು. ಮರ ಬಾಗಿದಷ್ಟು ತೂಕ ಏರುತ್ತದೆ, ಇಳಿಯುತ್ತದೆ, ತಂತಿ ಬದುಕುತ್ತದೆ. ಮಡಲು ಬೀಳುವ ದಾರಿಯನ್ನು ತಪ್ಪಿಸಿ ತಂತಿ ಎಳೆಯುವುದೂ, ವಿದ್ಯುತ್ ಲೈನಿನ ಹತ್ತಿರ ಯಾವ ಕಾರಣಕ್ಕೂ ಸುಳಿಯದಿರುವುದೂ ಅಷ್ಟೇ ಮುಖ್ಯ.

ಎಂಟು ಹತ್ತು ಮೀಟರ್ ಎತ್ತರದಲ್ಲಿ, ನಡುಭಾಗ ಮೇಲಾಗಿ ತುದಿಗಳು ಕೆಳಗಾಗಿ ನಿಂತ 40 ಮೀಟರಿನ ಡೈಪೋಲ್ ತನ್ನ ಶಕ್ತಿಯನ್ನು ಬಹುಪಾಲು ಆಕಾಶಕ್ಕೆ ನೇರವಾಗಿ ಎಸೆಯುತ್ತದೆ. ಅದು ಅಯಾನುಗೋಲದಿಂದ ಮರಳಿ ಕೆಲವು ನೂರು ಕಿಲೋಮೀಟರ್ ವ್ಯಾಪ್ತಿಯಲ್ಲಿ ಕೊಡೆಯಂತೆ ಇಳಿಯುತ್ತದೆ. ಬೈಂದೂರಿನ ಬೆನ್ನಿಗೆ ಕೊಡಚಾದ್ರಿಯ ಸಾಲು ಗೋಡೆ ಕಟ್ಟಿದಂತೆ ನಿಂತಿದ್ದರೂ ಹಗಲಿನಲ್ಲಿ ಬೆಂಗಳೂರು, ಹೈದರಾಬಾದ್, ಚೆನ್ನೈಗಳ ಜೊತೆ ಮಾತಾಡಲು ಅದು ಅಡ್ಡಿಯಾಗದು. ದೂರದ ಖಂಡಗಳನ್ನು ಬಯಸಿದರೆ ಮಾತ್ರ ಲೆಕ್ಕ ಬೇರೆ. ಆಗ ಶಕ್ತಿ ದಿಗಂತಕ್ಕೆ ತಾಗಿದಂತೆ ಹೋಗಬೇಕು. ನಮ್ಮ ತೀರಕ್ಕೆ ಪ್ರಕೃತಿ ಕೊಟ್ಟ ಅತಿ ದೊಡ್ಡ ಅನುಕೂಲ ಇಲ್ಲಿದೆ. ಸಮುದ್ರದ ನೀರಿನ ವಾಹಕತೆ ಮೀಟರಿಗೆ ಸುಮಾರು 5 ಸೀಮೆನ್ಸ್, ಒಣಗಿದ ಮುರಕಲ್ಲು ನೆಲದ್ದು ಅದರ ಸಾವಿರದಲ್ಲೊಂದು ಪಾಲಿನ ಆಜುಬಾಜು. ನೆಟ್ಟಗೆ ನಿಲ್ಲಿಸಿದ ಆಂಟೆನಾ ಉಪ್ಪುನೀರಿನ ಪಕ್ಕದಲ್ಲಿದ್ದರೆ, ದಿಗಂತದ ಕಡೆ ಹೋಗುವ ಅದರ ಶಕ್ತಿ ನೆಲದಲ್ಲಿ ಇಂಗಿಹೋಗುವುದಿಲ್ಲ. 14 ಮೆಗಾಹರ್ಟ್ಸ್‌ಗೆ ಬರೀ 5 ಮೀಟರಿನ ಕಡ್ಡಿ ಸಾಕು. ಪಂಚಗಂಗಾವಳಿಯ ಹಿನ್ನೀರು ಮೂರು ಕಡೆ ಸುತ್ತಿದ ಕುಂದಾಪುರ ಪೇಟೆ, ಒಂದು ಬದಿಗೆ ಅರಬ್ಬಿ ಸಮುದ್ರ, ಇನ್ನೊಂದು ಬದಿಗೆ ಸೌಪರ್ಣಿಕಾ ಹರಿಯುವ ಮರವಂತೆ, ಇಂಥ ಜಾಗ ದೇಶದ ಒಳನಾಡಿನ ಹ್ಯಾಮ್‌ಗಳಿಗೆ ಕನಸು. ಪಡುವಣಕ್ಕೆ ಕೊಲ್ಲಿ ದೇಶಗಳು, ಆಫ್ರಿಕಾ, ವಾಯವ್ಯಕ್ಕೆ ಯುರೋಪು. ಪರವಾನಗಿಯಲ್ಲಿ ಬರೆದ ವಿಳಾಸ ಬಿಟ್ಟು ಕಡಲ ದಂಡೆಯಲ್ಲಿ ಸೆಟ್ಟು ಹೂಡುವ ಮೊದಲು ಅದಕ್ಕೆ ಸಂಬಂಧಿಸಿದ ನಿಯಮ ನೋಡಿಕೊಳ್ಳುವುದು ಅಗತ್ಯ.

ಸಮುದ್ರ ಕೊಟ್ಟ ಕೈಯಿಂದಲೇ ಕಿತ್ತುಕೊಳ್ಳುತ್ತದೆ. ಉಪ್ಪುಗಾಳಿಗೆ ತಾಮ್ರ ಹಸಿರಾಗುತ್ತದೆ, ಅಗ್ಗದ ಸ್ಕ್ರೂ ಒಂದೇ ಮಳೆಗಾಲದಲ್ಲಿ ಪುಡಿಯಾಗುತ್ತದೆ. ಜೋಡಣೆಗೆ 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಬಳಸಿದವರು ಕೊಟ್ಟ ಬೆಲೆಗೆ ಮರುಗುವುದಿಲ್ಲ. ನೀರು ನುಗ್ಗುವುದು ಹೆಚ್ಚಾಗಿ ಕೋಕ್ಸ್ ಕೇಬಲಿನ ಬಾಯಿಂದ. ಹೊರಗಿನ ಹೆಣಿಗೆ ತಂತಿ ನೀರನ್ನು ಹೀರಿ ಮೀಟರುಗಟ್ಟಲೆ ಒಳಗೆಳೆಯುತ್ತದೆ, ಹೊರಗಿನಿಂದ ನೋಡಿದರೆ ಕೇಬಲು ಹೊಸದರಂತೆಯೇ ಇರುತ್ತದೆ. ಕನೆಕ್ಟರಿನ ಮೇಲೆ ತನಗೆ ತಾನೇ ಅಂಟಿಕೊಳ್ಳುವ ರಬ್ಬರ್ ಟೇಪನ್ನು ಎಳೆದು ಸುತ್ತಿ, ಬಿಸಿಲು ತಾಗದಂತೆ ಅದರ ಮೇಲೆ ಪಿವಿಸಿ ಟೇಪು ಸುತ್ತಬೇಕು. ಹಂಚಿನ ಮಾಡಿನಡಿ ಕೇಬಲು ಒಳಬರುವಲ್ಲಿ ಅದನ್ನು ಒಮ್ಮೆ ಕೆಳಗೆ ಬಳುಕಿಸಿ ತಂದರೆ ಹರಿದ ನೀರು ಹೊರಗೇ ತೊಟ್ಟಿಕ್ಕುತ್ತದೆ.

ಸಿಡಿಲಿನ ವಿಷಯದಲ್ಲಿ ರಾಜಿಯೇ ಇಲ್ಲ. ಏಪ್ರಿಲ್, ಮೇ ತಿಂಗಳ ಸಂಜೆ ಘಟ್ಟದ ಕಡೆ ಮೋಡ ಕಟ್ಟಿದಾಗ, ಮತ್ತೆ ಅಕ್ಟೋಬರಿನಲ್ಲಿ, ಕೇಬಲನ್ನು ಸೆಟ್ಟಿನಿಂದ ಬಿಡಿಸಿ ಮನೆಯ ಹೊರಗೇ ಇಡಬೇಕು. ಸಿಡಿಲು ತಡೆಯುವ ಅರೆಸ್ಟರ್ ಇದ್ದರೂ ಇದು ತಪ್ಪಬಾರದು. ಅರ್ತಿಂಗ್ ಈ ನೆಲದ್ದೇ ಇನ್ನೊಂದು ಕಷ್ಟ. ಮುರಕಲ್ಲಿನ ಗುಡ್ಡದ ಮೇಲೆ ಒಂದು ರಾಡು ಹೊಡೆದರೆ ಬೇಸಿಗೆಯಲ್ಲಿ ಅದು ಇದ್ದೂ ಇಲ್ಲದಂತೆ. ಹಲವು ರಾಡುಗಳನ್ನು ದಪ್ಪ ತಾಮ್ರದ ಪಟ್ಟಿಯಿಂದ ಜೋಡಿಸಿ, ಮನೆಯ ವಿದ್ಯುತ್ ಅರ್ತಿಗೂ ಸೇರಿಸಿ, ಸೆಟ್ಟು, ಪವರ್ ಸಪ್ಲೈ, ಕಂಪ್ಯೂಟರು ಮೂರನ್ನೂ ಒಂದೇ ಬಿಂದುವಿಗೆ ತರಬೇಕು. ಬಯಲಿನ ಗದ್ದೆ ಬದಿಯ ಮನೆಗಳಿಗೆ ಈ ಕೆಲಸ ಹಗುರ.

ಸೆಟ್ಟು ನಡೆಯುವುದು 13.8 ವೋಲ್ಟಿನಲ್ಲಿ. 100 ವ್ಯಾಟಿನದಾದರೆ ಪ್ರಸಾರದ ಹೊತ್ತಿಗೆ 20 ಆಂಪಿಯರ್‌ನಷ್ಟು ಎಳೆಯುತ್ತದೆ. ಮಳೆಗಾಲದಲ್ಲಿ ಕರೆಂಟು ಹೋಗಿ ಬಂದು ಮಾಡುವ ಊರಲ್ಲಿ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಇಟ್ಟುಕೊಳ್ಳುವುದು ಒಳ್ಳೆಯದು. ಗದ್ದಲ ಹುಡುಕುವ ಕೆಲಸಕ್ಕಂತೂ ಅದು ಬೇಕೇ ಬೇಕು. ಮನೆಯ ಮೈನ್ ಸ್ವಿಚ್ ಆರಿಸಿ, ಸೆಟ್ಟನ್ನು ಬ್ಯಾಟರಿಯಲ್ಲಿ ನಡೆಸಿ ವಾಟರ್‌ಫಾಲ್ ನೋಡಬೇಕು. ಹಿನ್ನೆಲೆಯ ಬಣ್ಣ ಒಮ್ಮೆಗೇ ಕಪ್ಪಾದರೆ ಕಳ್ಳ ಮನೆಯೊಳಗೇ ಇದ್ದಾನೆ. ಆಮೇಲೆ ಒಂದೊಂದೇ ಫ್ಯೂಸ್ ಹಾಕುತ್ತ ಬಂದರೆ ಬಲ್ಬೋ ಮೊಬೈಲ್ ಚಾರ್ಜರೋ ಬಾವಿಯ ಪಂಪಿನ ಸ್ಟಾರ್ಟರೋ ಸೋಲಾರ್ ಇನ್ವರ್ಟರೋ ಸಿಕ್ಕಿಬೀಳುತ್ತದೆ. ಚಾರ್ಜರಿನ ಗದ್ದಲ ಸಮ ಅಂತರದಲ್ಲಿ ಎದ್ದ ಮಸುಕು ಗುಡ್ಡಗಳಂತೆ ಕಾಣುತ್ತದೆ, ಉಪ್ಪು ಕೂತ ಇನ್ಸುಲೇಟರಿನ ಕಿಡಿ ಬ್ಯಾಂಡಿನ ಉದ್ದಕ್ಕೂ ಅಡ್ಡಗೆರೆಗಳಾಗಿ ಬೀಳುತ್ತದೆ, ಘಟ್ಟದ ಮೇಲಿನ ಮಿಂಚು ಅಲ್ಲೊಂದು ಇಲ್ಲೊಂದು ತೆಳು ಗೆರೆ ಎಳೆದು ಹೋಗುತ್ತದೆ. ಮೊದಲ ಮಳೆ ಇನ್ಸುಲೇಟರುಗಳನ್ನು ತೊಳೆದ ಮೇಲೆ ಆ ಕಿಡಿಯ ಗೆರೆಗಳು ತಗ್ಗುವುದನ್ನೂ ಕಾಣಬಹುದು. ಚಾರ್ಜರಿನ ತಂತಿಗೂ ಆಂಟೆನಾದ ಬಾಯಲ್ಲಿನ ಕೋಕ್ಸ್‌ಗೂ ಫೆರೈಟ್ ಉಂಗುರ ಹಾಕಿ ಕೆಲವು ಸುತ್ತು ಸುತ್ತಿದರೆ ಗದ್ದಲ ಇಳಿಯುತ್ತದೆ. ಪ್ರಸಾರದ ವೇಳೆ ಕಂಪ್ಯೂಟರು ಹೆಪ್ಪುಗಟ್ಟಿ ನಿಲ್ಲುವುದಕ್ಕೂ ಇದೇ ಮದ್ದು.

ಇಷ್ಟಾದ ಮೇಲೆ ಪ್ರೋಗ್ರಾಮಿನ ಸರದಿ. ಮೊದಲ ಕೆಲಸ ಆವರ್ತನದ ತಿದ್ದುಪಡಿ. ಗಡಿಯಾರದ ಕ್ರಿಸ್ಟಲ್ ಹತ್ತು ಲಕ್ಷಕ್ಕೆ ಒಂದು ಪಾಲು ತಪ್ಪಿದರೂ 14 ಮೆಗಾಹರ್ಟ್ಸ್‌ನಲ್ಲಿ 14 ಹರ್ಟ್ಸ್ ವ್ಯತ್ಯಾಸ ಬರುತ್ತದೆ. ಚೀನದ ಬಿಪಿಎಂ ಕಾಲಸಂಕೇತ ನಿಲ್ದಾಣ 10 ಮೆಗಾಹರ್ಟ್ಸ್‌ನಲ್ಲಿ ಸಿಕ್ಕಿದಾಗ ಅದಕ್ಕೆ ಹೊಂದಿಸಿಕೊಳ್ಳಬಹುದು. ಆಮೇಲೆ ಗೇನ್, ಅಂದರೆ ಸಂಕೇತವನ್ನು ಹಿಗ್ಗಿಸುವ ಪ್ರಮಾಣ. ಇದನ್ನು ಹೊಸಬರು ತುದಿಯವರೆಗೆ ಏರಿಸಿಡುತ್ತಾರೆ, ಪರಿವರ್ತಕ ತುಂಬಿ ಚೆಲ್ಲುತ್ತದೆ. ಸರಿಯಾದ ಕ್ರಮ ಬೇರೆ. ಗೇನ್ ಪೂರ್ತಿ ಇಳಿಸಿ, ಆಂಟೆನಾ ಜೋಡಿಸಿ ಬಿಡಿಸಿ ಮಾಡುತ್ತ ನಿಧಾನಕ್ಕೆ ಏರಿಸಬೇಕು. ಆಂಟೆನಾ ಜೋಡಿಸಿದಾಗ ಗದ್ದಲದ ನೆಲೆ ಸ್ಪಷ್ಟವಾಗಿ ಏರಿತೆಂದರೆ ಅಷ್ಟು ಸಾಕು. ಅದರಾಚೆ ಗೇನ್ ಏರಿಸಿದರೆ ಸಂಕೇತದ ಜೊತೆ ಗದ್ದಲವೂ ಏರುತ್ತದೆ ಅಷ್ಟೇ.

ಪ್ರಸಾರಕ್ಕೂ ಅದೇ ಶಿಸ್ತು. ಮೈಕ್ ಮಟ್ಟ ಅಳತೆ ಮೀರಿದರೆ ಧ್ವನಿ ಅಕ್ಕಪಕ್ಕಕ್ಕೆ ಹರಡಿ ನೆರೆಯವರ ಮಾತನ್ನು ಕೆಡಿಸುತ್ತದೆ. ಎಫ್‌ಟಿ8ನಂಥ ಡಿಜಿಟಲ್ ಕ್ರಮದಲ್ಲಿ ಎಎಲ್‌ಸಿ (ಪ್ರಸಾರ ಮಟ್ಟದ ಕಡಿವಾಣ) ಮುಳ್ಳು ಏಳದಷ್ಟೇ ಆಡಿಯೋ ಕೊಟ್ಟು, ಕಂಪ್ರೆಸರ್ ಆರಿಸಬೇಕು. 2017ರಲ್ಲಿ ಜೋ ಟೇಲರ್ ಮತ್ತು ಸ್ಟೀವ್ ಫ್ರಾಂಕ್ ರೂಪಿಸಿದ ಈ ಕ್ರಮದಲ್ಲಿ ಒಂದು ಸಂಕೇತದ ಅಗಲ 50 ಹರ್ಟ್ಸ್, ಒಂದು ಸರದಿ 15 ಸೆಕೆಂಡು. ಕಿವಿಗೆ ಕೇಳಿಸದಷ್ಟು ಕ್ಷೀಣ ಸಂಕೇತವನ್ನೂ ಇದು ಬಿಡಿಸುತ್ತದೆ. ಕಂಪ್ಯೂಟರಿನ ಗಡಿಯಾರ ಒಂದು ಸೆಕೆಂಡಿನೊಳಗೆ ಸರಿಯಿರಬೇಕು ಎಂಬುದೊಂದೇ ಕಟ್ಟುನಿಟ್ಟು. ಕರೆಸಂಕೇತದ ಜೊತೆ ಕಳಿಸುವ ಸ್ಥಳದ ಗುರುತು ಈ ಮೂರೂ ತಾಲೂಕು ಕೇಂದ್ರಗಳಿಗೆ ಒಂದೇ: ಎಂಕೆ73. 13ರಿಂದ 14 ಡಿಗ್ರಿ ಉತ್ತರ ಅಕ್ಷಾಂಶ, 74ರಿಂದ 76 ಡಿಗ್ರಿ ಪೂರ್ವ ರೇಖಾಂಶದ ಆ ಚೌಕದಲ್ಲಿ ಘಟ್ಟದ ಮೇಲಿನ ಶಿವಮೊಗ್ಗವೂ ಸೇರಿದೆ. ಮಂಗಳೂರು ಮಾತ್ರ ಕೆಳಗಿನ ಎಂಕೆ72ರಲ್ಲಿ.

ಬ್ಯಾಂಡು ತೆರೆದಿದೆಯೋ ಇಲ್ಲವೋ ನೋಡಲು 14.100 ಮೆಗಾಹರ್ಟ್ಸ್‌ಗೆ ಹೋದರೆ ಸಾಕು. ಜಗತ್ತಿನ 18 ಬೀಕನ್‌ಗಳು ಅಲ್ಲಿ ಹತ್ತು ಹತ್ತು ಸೆಕೆಂಡಿನಂತೆ ಸರದಿಯಲ್ಲಿ, ಮೂರು ನಿಮಿಷಕ್ಕೊಂದು ಸುತ್ತು, ಮೋರ್ಸಿನಲ್ಲಿ ಕೂಗುವ ವ್ಯವಸ್ಥೆಯಿದೆ. ಶ್ರೀಲಂಕಾದ 4ಎಸ್7ಬಿ ನಮಗೆ ಹತ್ತಿರದ್ದು. ಭಾರತದಲ್ಲಿ 40 ಮೀಟರ್ ಬ್ಯಾಂಡು 7.000ದಿಂದ 7.200 ಮೆಗಾಹರ್ಟ್ಸ್. ಬೆಳಗಿನ ಹೊತ್ತು ದೇಶದೊಳಗಿನ ಮಾತಿಗೆ ಅದೇ ಜಗಲಿ. ಅಲ್ಲಿ ಲೋವರ್ ಸೈಡ್‌ಬ್ಯಾಂಡ್, 10 ಮೆಗಾಹರ್ಟ್ಸ್‌ಗಿಂತ ಮೇಲೆ ಅಪ್ಪರ್, ಎಫ್‌ಟಿ8ಗೆ ಎಲ್ಲೆಡೆ ಅಪ್ಪರ್. ಮಾತು ಆರಂಭಿಸುವ ಮೊದಲು ಕೇಳಬೇಕು, ಆವರ್ತನ ಖಾಲಿಯೇ ಎಂದು ವಿಚಾರಿಸಬೇಕು. ಪರದೆಯಲ್ಲಿ ಖಾಲಿ ಕಂಡದ್ದೆಲ್ಲ ಖಾಲಿಯಲ್ಲ. ಒಂದು ಕಡೆಯವರು ಇಲ್ಲಿಗೆ ಕೇಳಿಸದೆ ಮಾತಾಡುತ್ತಿರಬಹುದು. ವಾಟರ್‌ಫಾಲನ್ನೇ ನಂಬಿ ಕಿವಿಯನ್ನು ಮರೆಯುವುದು ಈ ಸೆಟ್ಟುಗಳು ಕಲಿಸಿದ ಕೆಟ್ಟ ಚಾಳಿ.

ಬ್ಯಾಂಡುಗಳ ಸಂಜೆಯ ವರ್ತನೆ ನಮ್ಮ ಅಕ್ಷಾಂಶದ ವಿಶೇಷ. ಭೂಕಾಂತೀಯ ಸಮಭಾಜಕ ಕೇರಳದ ತುಂಬಾದ ಹತ್ತಿರ ಹಾದುಹೋಗುತ್ತದೆ. 1963ರಲ್ಲಿ ಭಾರತದ ಮೊದಲ ಬಾಹ್ಯಾಕಾಶ ರಾಕೆಟ್ ಉಡಾವಣೆ ಅಲ್ಲಿ ನಡೆದದ್ದಕ್ಕೆ ಅದೇ ಕಾರಣ. ಕುಂದಾಪುರ ಅದಕ್ಕಿಂತ ಐದು ಡಿಗ್ರಿಯಷ್ಟೇ ಉತ್ತರಕ್ಕಿದೆ. ಸೂರ್ಯ ಮುಳುಗಿದ ಮೇಲೆ ಇಲ್ಲಿನ ಅಯಾನುಗೋಲದ ಮೇಲ್ಪದರ ಒಮ್ಮೆಗೇ ಎತ್ತರಕ್ಕೇರಿ ಅದರೊಳಗೆ ಟೊಳ್ಳು ಗುಳ್ಳೆಗಳು ಏಳುತ್ತವೆ. ಆಗ ದೂರದ ಧ್ವನಿ ನಡುಗುತ್ತದೆ, ಎಫ್‌ಟಿ8ನ ಚೂಪು ಗೆರೆಗಳು ಪರದೆಯಲ್ಲಿ ಕದಡಿ ಹರಡುತ್ತವೆ, ಬಲವಾಗಿ ಕಂಡ ಸಂಕೇತವೂ ಬಿಡಿಸಲು ಬರುವುದಿಲ್ಲ. ದೋಷ ಸೆಟ್ಟಿನದ್ದೆಂದು ಮೆನು ಕೆದಕುತ್ತ ಕೂರುವ ಬದಲು ಕೆಳಗಿನ ಬ್ಯಾಂಡಿಗೆ ಇಳಿಯುವುದೋ ರಾತ್ರಿ ಕಳೆಯುವವರೆಗೆ ಕಾಯುವುದೋ ಒಳಿತು. ಅದೇ ಅಯಾನುಗೋಲ, ಸೌರಚಕ್ರ ಏರಿದ ವರ್ಷಗಳಲ್ಲಿ, 28 ಮೆಗಾಹರ್ಟ್ಸ್ ಬ್ಯಾಂಡನ್ನು ಕತ್ತಲಾದ ಮೇಲೂ ತೆರೆದಿಟ್ಟು ಋಣ ತೀರಿಸುತ್ತದೆ.

ಅಯಾನುಗೋಲದ ಹಂಗೇ ಬೇಡವೆನ್ನುವವರಿಗೆ ಕಡಲ ಮೇಲೊಂದು ದಾರಿಯಿದೆ. 2018ರ ನವೆಂಬರಿನಲ್ಲಿ ಹಾರಿದ ಕತಾರಿನ ಎಸ್‌ಹೈಲ್-2 ಭೂಸ್ಥಿರ ಉಪಗ್ರಹದಲ್ಲಿ ಹವ್ಯಾಸಿಗಳಿಗೆಂದೇ ಟ್ರಾನ್ಸ್‌ಪಾಂಡರ್ ಇದೆ. ಹ್ಯಾಮ್‌ಗಳು ಅದನ್ನು ಕ್ಯೂಒ-100 ಎನ್ನುತ್ತಾರೆ. 26 ಡಿಗ್ರಿ ಪೂರ್ವದಲ್ಲಿರುವ ಆ ಉಪಗ್ರಹ ಕುಂದಾಪುರದಿಂದ ನೋಡಿದರೆ ಪಶ್ಚಿಮಕ್ಕಿಂತ ಸ್ವಲ್ಪ ದಕ್ಷಿಣಕ್ಕೆ, ದಿಗಂತದಿಂದ ಸುಮಾರು 32 ಡಿಗ್ರಿ ಮೇಲೆ ಬರುತ್ತದೆ. ಅಡ್ಡಕ್ಕೆ ಮರವಿಲ್ಲದಿದ್ದರೆ ಸಾಕು, ಗುಡ್ಡವಂತೂ ಇಲ್ಲ. ಡಿಟಿಎಚ್ ಮಾದರಿಯ ಡಿಶ್, ಎಲ್‌ಎನ್‌ಬಿ, ಆರ್‌ಟಿಎಲ್ ಡಾಂಗಲ್ ಇದ್ದರೆ ಕೇಳಲಾಗುತ್ತದೆ. 10489.5 ಮೆಗಾಹರ್ಟ್ಸ್‌ನಿಂದ ಮೇಲಿನ ಸಂಕೇತಗಳು, 9750ರ ಎಲ್‌ಎನ್‌ಬಿ ಕಳೆದ ಮೇಲೆ, 739.5ರ ಸುಮಾರಿಗೆ ಇಳಿದು ಬರುತ್ತವೆ. ಬಿಸಿಲಿಗೆ ಎಲ್‌ಎನ್‌ಬಿ ಕಾಯ್ದಂತೆ ಆವರ್ತನ ಜರುಗುತ್ತದೆ, ನಡುವೆ ಇರುವ 10489.75ರ ಬೀಕನ್ ಹಿಡಿದು ಪ್ರೋಗ್ರಾಂ ಅದನ್ನು ತಿದ್ದಿಕೊಳ್ಳುತ್ತದೆ. ಜೂನ್, ಜುಲೈನ ಜಡಿಮಳೆ 10 ಗಿಗಾಹರ್ಟ್ಸ್ ಸಂಕೇತವನ್ನು ಕುಗ್ಗಿಸುವುದರಿಂದ ಡಿಶ್ ಅಳತೆಯಲ್ಲಿ ಒಂದು ಮೆಟ್ಟಿಲು ದೊಡ್ಡದನ್ನೇ ಆರಿಸುವುದು ಮೇಲು, ಅದರ ಬೋಲ್ಟುಗಳೂ ಸ್ಟೇನ್‌ಲೆಸ್ ಆಗಿರಬೇಕು.